ಪೆಗ್ಗವ್ವನ ಬೂಟುಗಳಿಗೆ ರಜೆ

ಅಮೆರಿಕದ ರೆಂಟನ್ ಊರಿನ ನಮ್ಮ ಮನೆಯಲ್ಲಿ ಒಂದು ಜೊತೆ ಬೂಟುಗಳಿವೆ. ದೇವರ ಗೂಡಿನ ಹತ್ತಿರ ಇಡೋಣವೆಂದರೆ ನಾನು ಒಪ್ಪುವುದಿಲ್ಲ, ಎಷ್ಟಾದರೂ ಚರ್ಮದ ಬೂಟು. ಚಪ್ಪಲಿ ಸ್ಟ್ಯಾಂಡಿನಲ್ಲಿ ಇಡೋಣವೆಂದರೆ ನಮ್ಮವರು ಒಪ್ಪುವುದಿಲ್ಲ, ಎಷ್ಟಾದರೂ ಪೂಜೆ ಮಾಡಿಸಿಕೊಂಡ ಬೂಟು. ಹೀಗಾಗಿ ಅವು ಗ್ಯಾರೇಜಿನ ಮೇಲಿನ ಶೆಲ್ಫಿನಲ್ಲಿ, ಡ್ರಿಲ್ ಮಷೀನಿನ ಡಬ್ಬಕ್ಕೂ ದೀಪಾವಳಿಯ ಸೀರಿಯಲ್ ಸೆಟ್ಟಿಗೂ ನಡುವೆ, ಒಂದು ಮಣೆಯ ಮೇಲೆ ಮದುಮಕ್ಕಳ ಹಾಗೆ ಕೂತಿವೆ. ಒಂದು ಕಾಲದಲ್ಲಿ ಹಾಲಿನಷ್ಟು ಬೆಳ್ಳಗಿದ್ದವು. ಈಗ ಮೂತಿಯ ಹತ್ತಿರ ಹಳದಿ, ಹಿಮ್ಮಡಿಯ ಹತ್ತಿರ ಕೆಂಪು. ಅಡಿಯಲ್ಲಿ ಉಕ್ಕಿನ ಬ್ಲೇಡು. ಐಸ್ ಮೇಲೆ ಜಾರುವ ಸ್ಕೇಟ್ಸ್ ಅವು.

ಮನೆಗೆ ಬಂದವರು ಕೇಳುತ್ತಾರೆ, "ಇದು ಯಾರ್ದು ಸುಮಾ, ಮಗಳದ್ದಾ?"

"ಅಲ್ಲ, ಹಾಲಿವುಡ್ ಹೀರೋಯಿನ್ನಿಂದು," ಎನ್ನುತ್ತೇನೆ.

ಬಂದವರು ನಕ್ಕು ಇನ್ನೊಂದು ಚಕ್ಕುಲಿ ತೆಗೆದುಕೊಳ್ಳುತ್ತಾರೆ. ನಿಜ ಹೇಳಿದರೆ ನಂಬುವವರು ಯಾರು? ನಾನೇ ಮೊದಲು ನಂಬಿರಲಿಲ್ಲ. ಇವತ್ತು ಆಯುಧಪೂಜೆ. ಬೆಳಿಗ್ಗೆ ಅವುಗಳನ್ನು ಶೆಲ್ಫಿನಿಂದ ಇಳಿಸಿ ಧೂಳು ಒರೆಸುತ್ತಾ ಕೂತಾಗ ಎಲ್ಲ ನೆನಪಾಯಿತು. ನಿಮಗೂ ಹೇಳಿಬಿಡುತ್ತೇನೆ, ಒಲೆಯ ಮೇಲೆ ಹೋಳಿಗೆಯ ಬೇಳೆ ಬೇಯುವುದಕ್ಕೆ ಇನ್ನೂ ಹೊತ್ತಿದೆ.

ಮೊದಲು ನನ್ನ ಐಸ್ ಪುರಾಣ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಐಸ್ ಎಂದರೆ ಕೋಲಿಗೆ ಸಿಕ್ಕಿಸಿ ಚೀಪುವ ವಸ್ತು. ಅದರ ಮೇಲೆ ನಿಲ್ಲಬಹುದು ಎನ್ನುವುದು ನನಗೆ ತಿಳಿದದ್ದು ಮಗಳು ಅನನ್ಯಾ ಶಾಲೆಗೆ ಹೋಗುವಾಗ. ಅವಳನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿದೆವು. ಅವಳು ಐಸ್ ಮೇಲೆ, ನಾನು ಬೆಂಚಿನ ಮೇಲೆ. ಒದ್ದೆ ರಬ್ಬರು, ಪಾಪ್‌ಕಾರ್ನ್, ಊರವರ ಸಾಕ್ಸು, ಎಲ್ಲ ಸೇರಿದ ಒಂದು ವಾಸನೆ ಆ ರಿಂಕಿಗೆ. ನಾನು ಎರಡು ಸ್ವೆಟರ್ ಹಾಕಿಕೊಂಡು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ವರ್ಷಗಟ್ಟಲೆ ಅಲ್ಲಿ ಬೆಂಚು ಕಾಯ್ದೆ. ಮಗಳು ಕಾಲೇಜು ಮುಗಿಸಿ ಪಕ್ಕದ ಊರು ಬೆಲ್ವ್ಯೂನಲ್ಲಿ ಒಂದು ಗಾಜಿನ ಗೋಪುರದೊಳಗೆ ಕೆಲಸಕ್ಕೆ ಸೇರಿದಳು. ಅವಳ ಸ್ಕೇಟಿಂಗ್ ಯಾವತ್ತೋ ನಿಂತಿತ್ತು. ಒಂದು ಶನಿವಾರ ತರಕಾರಿಗೆಂದು ಹೊರಟ ನನ್ನ ಕಾರು ತಾನಾಗಿಯೇ ರಿಂಕಿನ ಮುಂದೆ ಹೋಗಿ ನಿಂತಿತು. ಒಳಗೆ ಹೋದೆ. ಹಳೆಯ ಬೆಂಚು ಹಾಗೇ ಇತ್ತು. ಗೋಡೆಯ ಮೇಲೆ ‘ದೊಡ್ಡವರಿಗೆ ತರಗತಿ, ಏನೂ ಬಾರದವರು ಬನ್ನಿ’ ಎಂದು ಬರೆದಿತ್ತು. ಏನೂ ಬಾರದಿರುವುದರಲ್ಲಿ ನನ್ನನ್ನು ಮೀರಿಸುವವರು ಯಾರು! ಸೇರಿಕೊಂಡೆ.

ಅನನ್ಯಾ ಫೋನಿನಲ್ಲಿ, "ಅಮ್ಮಾ, ಆರ್ ಯೂ ಸೀರಿಯಸ್?" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

"ಸೀರಿಯಸ್ಸೇ ಕಣೇ. ನಿನ್ನ ಹೊತ್ಕೊಂಡು ಓಡಾಡಿದ ಕಾಲು ಇವು, ಐಸ್ ಏನು ಮಹಾ!" ಎಂದೆ.

ಮಹಾ ಎನ್ನುವುದು ಮೊದಲ ದಿನವೇ ತಿಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ, ನನ್ನ ಬಲಗಾಲು ರೆಂಟನ್ ಕಡೆ ಹೊರಟರೆ ಎಡಗಾಲು ಸ್ನೊಕ್ವಾಲ್ಮಿ ಬೆಟ್ಟದ ದಾರಿ ಹಿಡಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎನ್ನಬಹುದು, ಆದರೆ ಐಸ್‌ನಷ್ಟು ಸಪಾಟಾದ ನೆಲ ಭೂಮಿಯ ಮೇಲೆ ಇಲ್ಲ, ಆ ನೆಪಕ್ಕೂ ದಾರಿಯಿರಲಿಲ್ಲ. ಜೊತೆಯವರು ತಿಂಗಳೊಪ್ಪತ್ತಿನಲ್ಲಿ ಹಿಂದೆ ಮುಂದೆ ಹೋಗುವುದನ್ನು ಕಲಿತರು. ನಾನು ಅಂಚಿನ ಕಟ್ಟೆಯನ್ನು ಹಿಡಿದುಕೊಂಡು ಅದನ್ನು ಒರೆಸುವ ಕೆಲಸದವಳ ಹಾಗೆ ಸುತ್ತು ಬರುತ್ತಿದ್ದೆ. ಯಾರಾದರೂ ಕೈ ಕೊಟ್ಟರೆ ಸಾಕು, ಜಿಗಣೆಯ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಬಿಡಿಸಿಕೊಳ್ಳಲು ಟೀಚರಿಗೇ ಬೆವರು ಬರುತ್ತಿತ್ತು.

ಇಂಥ ಒಂದು ಶನಿವಾರ, ಮೊಣಕಾಲು ಉಜ್ಜಿಕೊಳ್ಳುತ್ತಾ ಕಾರಿನಿಂದ ಇಳಿಯುತ್ತಿದ್ದಾಗ ಎದುರುಮನೆಯ ಮುದುಕಿ ಕೂಗಿದಳು, "ಬಿದ್ದೆಯಾ? ಹಿಂದಕ್ಕೋ, ಪಕ್ಕಕ್ಕೋ?"

ಅವಳೇ ಪೆಗ್ಗಿ. ಅವಳು ಆಡುತ್ತಿದ್ದದ್ದು ಇಂಗ್ಲಿಷು, ನಾನು ಬರೆಯುತ್ತಿರುವುದು ನಮ್ಮ ಮನೆಯ ಕನ್ನಡ, ಅಷ್ಟು ಸಡಿಲು ಕೊಡಿ. ತೊಂಬತ್ತು ದಾಟಿದ ಜೀವ. ಒಬ್ಬಳೇ ಇದ್ದಳು, ನಡೆಯಲು ನಾಲ್ಕು ಕಾಲಿನ ವಾಕರ್ ಬೇಕಿತ್ತು, ಆದರೆ ಪೋಸ್ಟ್ ಡಬ್ಬದವರೆಗೆ ಬರುವುದಕ್ಕೂ ತುಟಿಗೆ ಕೆಂಪು ಲಿಪ್‌ಸ್ಟಿಕ್ ಹಚ್ಚದೆ ಬರುತ್ತಿರಲಿಲ್ಲ. ಇಲ್ಲಿನ ರೂಢಿಯಂತೆ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಆ ತೊಡಕನ್ನು ನಮ್ಮವರು ಒಂದೇ ಏಟಿಗೆ ಬಿಡಿಸಿದ್ದರು. ನನ್ನ ಗಂಡ ಬಸವರಾಜ ಗದಗಿನವರು, ಇಲ್ಲಿನ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. "ಪೆಗ್ಗವ್ವಾ, ಆರಾಮಿದ್ದೀಯಾ?" ಎಂದು ಮೊದಲ ದಿನವೇ ರಸ್ತೆಯಾಚೆಯಿಂದ ಕೂಗಿದ್ದರು. ಅವಳೂ ಕೈ ಬೀಸಿದ್ದಳು. ಅವತ್ತಿನಿಂದ ಅವಳು ಪೆಗ್ಗವ್ವ.

"ಹಿಂದಕ್ಕೆ ಬಿದ್ದೆ," ಎಂದೆ.

"ಛೇ, ಹಿಂದಕ್ಕೆ ಬೀಳಬಾರದು. ಪಕ್ಕಕ್ಕೆ, ಕುಂಡಿಯ ಮಾಂಸದ ಮೇಲೆ ಬೀಳಬೇಕು. ದೇವರು ಅಷ್ಟನ್ನು ಕೊಟ್ಟಿರೋದು ಯಾತಕ್ಕೆ?" ಎಂದು ಒಳಗೆ ಕರೆದಳು.

ಒಳಗೆ ಗೋಡೆಯ ತುಂಬ ಫೋಟೋ. ಗರಿಗಳ ಟೊಪ್ಪಿಗೆ ಹಾಕಿಕೊಂಡ ಹುಡುಗಿ, ಒಂದು ಕಾಲು ಹಿಂದಕ್ಕೆ ಎತ್ತಿ ಹಕ್ಕಿಯ ಹಾಗೆ ನಿಂತ ಹುಡುಗಿ, ದೊಡ್ಡ ಕ್ಯಾಮೆರಾದ ಪಕ್ಕದಲ್ಲಿ ಕೋಟು ಹೊದ್ದು ನಡುಗುತ್ತಿರುವ ಹುಡುಗಿ. "ಇದು ಯಾರು?" ಎಂದು ಕೇಳಿದೆ. "ನಾನು. ಸಿನಿಮಾದಲ್ಲಿದ್ದೆ," ಎಂದಳು, "ಹಾಲು ತರಕ್ಕೆ ಹೋಗಿದ್ದೆ" ಎನ್ನುವಷ್ಟು ಸಲೀಸಾಗಿ.

ಸಿನಿಮಾದವರ ವಿಷಯದಲ್ಲಿ ನನಗೆ ಚಿಕ್ಕಂದಿನಿಂದಲೂ ಒಂದು ಅನುಮಾನ. ನಮ್ಮ ಮೈಸೂರಿನ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರದಲ್ಲಿ ಒಂದು ಸ್ಟುಡಿಯೋ ಇತ್ತು. ಸೋದರಮಾವನ ಸೈಕಲ್ಲಿನ ಬಾರಿನ ಮೇಲೆ ಕೂತು ಒಮ್ಮೆ ಶೂಟಿಂಗ್ ನೋಡಲು ಹೋಗಿದ್ದೆ. ರಾಣಿಯ ವೇಷದ ಹೀರೋಯಿನ್ನು ಮರದಡಿ ಸ್ಟೂಲಿನ ಮೇಲೆ ಕೂತು, ಕಿರೀಟ ಮಡಿಲಲ್ಲಿಟ್ಟುಕೊಂಡು, ಸ್ಟೀಲ್ ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದಳು. ಜೊತೆಗೆ ಮಾವಿನಕಾಯಿ ಉಪ್ಪಿನಕಾಯಿ. ಬೆರಳು ಚೀಪಿದ್ದನ್ನೂ ನೋಡಿದೆ. ಮನೆಗೆ ಬಂದು ಗೊಳೋ ಎಂದು ಅತ್ತೆ. "ಅವಳು ರಾಣಿ ಅಲ್ಲಮ್ಮ, ನಮ್ ಥರಾನೇ!" ಎಂದು. ಅಮ್ಮ, "ಸದ್ಯ, ಊಟ ಮಾಡ್ತಿದ್ಲಲ್ಲ, ಬಿಡು," ಎಂದಿದ್ದರು.

ಇದನ್ನು ಹೇಳಿದಾಗ ಪೆಗ್ಗವ್ವ ಬಿದ್ದು ಬಿದ್ದು ನಕ್ಕಳು. "ನಮಗೆ ಬೇಯಿಸಿದ ಮೊಟ್ಟೆ. ಗರಿಯ ಮೇಲೆ ಹಳದಿ ಬೀಳದ ಹಾಗೆ ತಿನ್ನಬೇಕಿತ್ತು," ಎಂದಳು. ಅವತ್ತಿನಿಂದ ನಾವು ಗೆಳತಿಯರು. ನಾನು ಅವಲಕ್ಕಿ ಚೂಡಾ ಒಯ್ಯುತ್ತಿದ್ದೆ, ಅವಳು ಕಥೆ ಹೇಳುತ್ತಿದ್ದಳು.

ಅವಳು ಹುಟ್ಟಿದ್ದು ಚಳಿಗಾಲದಲ್ಲಿ ಕೆರೆಯೆಲ್ಲ ಕಲ್ಲಾಗುವ ಉತ್ತರದ ಒಂದು ಸೀಮೆಯಲ್ಲಿ. ಅಪ್ಪ ಹಿತ್ತಲಿಗೆ ನೀರು ಬಿಟ್ಟು ರಾತ್ರಿ ಕಳೆಯುವುದರೊಳಗೆ ಐಸ್ ಮಾಡಿಕೊಡುತ್ತಿದ್ದರಂತೆ. ನಮ್ಮಲ್ಲಿ ಅಂಗಳಕ್ಕೆ ಸಗಣಿ ಸಾರಿಸಿ ಬಿಟ್ಟ ಹಾಗೆ. ಸ್ಪರ್ಧೆಗಳಲ್ಲಿ ಗೆದ್ದಳು, ಊರೂರು ಸುತ್ತುವ ಐಸ್ ಕಂಪನಿಯೊಂದಕ್ಕೆ ಸೇರಿದಳು, ನಮ್ಮ ಕಡೆ ನಾಟಕ ಕಂಪನಿಗಳಿದ್ದವಲ್ಲ, ಹಾಗೆ. ಒಂದು ಊರಿನ ಆಟ ಮುಗಿದಾಗ ಸಿಗಾರು ಸೇದುತ್ತಾ ಒಬ್ಬ ಒಳಬಂದು, "ನಿನಗೆ ಮಾತು ಬರುತ್ತಾ?" ಎಂದು ಕೇಳಿದನಂತೆ. "ಬರುತ್ತೆ," ಎಂದಳು. ಅಷ್ಟೇ ಇಂಟರ್‌ವ್ಯೂ. ಹಾಲಿವುಡ್ಡಿನ ಸ್ಟುಡಿಯೋಗೆ ಏಳು ವರ್ಷಕ್ಕೆ ಬರೆದುಕೊಟ್ಟಳು. ಆಮೇಲೆ ತಿಳಿದದ್ದು, ಮಾತು ಅವರಿಗೆ ಬೇಕೇ ಇರಲಿಲ್ಲ, ಕಾಲು ಸಾಕಿತ್ತು.

ಹುಬ್ಬು ಕಿತ್ತರು, ಕೂದಲಿಗೆ ಬಣ್ಣ ಹಾಕಿದರು, ಹೆಸರು ಬದಲಾಯಿಸಿದರು. ಆ ಹೆಸರನ್ನು ಅವಳು ನಮಗೆ ಕೊನೆಗೂ ಹೇಳಲಿಲ್ಲ. "ಸೋಪಿನ ಹೆಸರಿದ್ದ ಹಾಗಿತ್ತು, ಬಿಡು," ಎನ್ನುತ್ತಿದ್ದಳು. ಮೊದಲ ಸಿನಿಮಾದಲ್ಲಿ ಅವಳು ರಾಜಕುಮಾರಿ, ಎರಡನೆಯದರಲ್ಲಿ ಟೈಪಿಸ್ಟು, ಮೂರನೆಯದರಲ್ಲಿ ನರ್ಸು. "ನಾನು ಯಾವ ಕೆಲಸದಲ್ಲಿದ್ದರೂ ಕಥೆಗೆ ಹೇಗೋ ಒಂದು ಹೆಪ್ಪುಗಟ್ಟಿದ ಕೆರೆ ಸಿಕ್ಕೇ ಸಿಗೋದು. ಆಸ್ಪತ್ರೆಯ ಹಿಂದೆ ಕೆರೆ! ಆಫೀಸಿನ ಪಕ್ಕ ಕೆರೆ!"

ಪರದೆಯ ಮೇಲೆ ಮಿಂಚುತ್ತಿದ್ದ ಆ ಐಸ್ ಮಿಂಚುತ್ತಿದ್ದದ್ದು ಕರಗುತ್ತಿದ್ದುದರಿಂದಂತೆ. ಮೇಲೆ ಉರಿಯುವ ದೀಪಗಳು, ಕೆಳಗೆ ಕಣಕಾಲಿನವರೆಗೆ ನೀರು ಚಿಮ್ಮುವ ಐಸು. ಬಿದ್ದರೆ ಗರಿಯೆಲ್ಲ ಒದ್ದೆಕೋಳಿ. ಮತ್ತೆ ಒಣಗಿಸಿ, ಮತ್ತೆ ನಿಲ್ಲಿಸಿ, "ನಗು!" ಎನ್ನುವರು. "ಬೀಳುವಾಗಲೂ ನಗಬೇಕಿತ್ತು ಕಣೇ. ನನ್ನ ಹೊಟ್ಟೆಪಾಡೇ ಬೀಳೋದು ಮತ್ತು ನಗೋದು," ಎಂದು ಈಗಲೂ ಒಂದು ನಗೆ ನಕ್ಕು ತೋರಿಸಿದಳು. ಆಹಾ, ಆ ನಗೆ! ಹಲ್ಲು ಕಟ್ಟಿಸಿದ್ದವೇ ಇರಬಹುದು, ನಗೆ ಮಾತ್ರ ಹಳೆಯ ಅಸಲಿ ಮಾಲು.

ಕೆಲವು ವರ್ಷಕ್ಕೆ ಜನರಿಗೆ ಐಸ್ ಸಿನಿಮಾ ಸಾಕಾಯಿತು. ಬರೆದುಕೊಟ್ಟ ವರ್ಷಗಳು ಇನ್ನೂ ಉಳಿದಿದ್ದವು. ಸ್ಟುಡಿಯೋದವರು ಅವಳಿಗೆ ಕೆರೆಯಿಲ್ಲದ ಪಾತ್ರ ಕೊಟ್ಟರು. ಬಾಗಿಲು ತೆಗೆದು ಟ್ರೇ ಹಿಡಿದು ಬಂದು "ಡಾಕ್ಟರ್ ಒಳಗಿದ್ದಾರೆ" ಎನ್ನಬೇಕು. ಅವಳ ಇಡೀ ವೃತ್ತಿಯಲ್ಲಿ ಅತಿ ಉದ್ದದ ಮಾತು ಅದೇ. ಮಾತು ಸರಿಯಾಗಿಯೇ ಬಂತಂತೆ. ನಡೆಯಲು ಬರಲಿಲ್ಲ. ಮರದ ನೆಲದ ಮೇಲೂ ಜಾರಿಕೊಂಡೇ ಬಂದಳು. "ನರ್ಸ್ ಯಾಕೆ ತೇಲ್ತಿದ್ದಾಳೆ?" ಎಂದು ಡೈರೆಕ್ಟರು ಕಿರುಚಿದನಂತೆ. ಒಪ್ಪಂದ ಮುಗಿದ ದಿನ ಅವಳು ಸ್ಕೇಟ್ಸನ್ನು ಪೆಟ್ಟಿಗೆಗೆ ಹಾಕಿ, ವಿಮಾನದ ಎಂಜಿನಿಯರೊಬ್ಬನನ್ನು ಮದುವೆಯಾಗಿ ರೆಂಟನ್ನಿಗೆ ಬಂದಳು. ಇಲ್ಲಿ ಬೇರೆ ಸ್ಕೇಟ್ಸ್ ಕೊಂಡು ಮಕ್ಕಳಿಗೆ ಪಾಠ ಹೇಳಿದಳು. ಸಿನಿಮಾದ ಜೋಡಿ ಮಾತ್ರ ಪೆಟ್ಟಿಗೆಯಲ್ಲೇ ಉಳಿಯಿತು.

ಇಷ್ಟೆಲ್ಲ ಹೇಳುವಾಗ ಒಂದು ದಿನವೂ ಅವಳು ಕಣ್ಣೊರೆಸಿಕೊಂಡವಳಲ್ಲ. ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಹೋದ ವರ್ಷ, ಅವಳ ಮಗಳು ನ್ಯಾನ್ಸಿ ಬಂದಾಗ. ನ್ಯಾನ್ಸಿ ಇರುವುದು ಅರಿಜೋನಾದಲ್ಲಿ, ಮರಳುಗಾಡು. ಅಮ್ಮ ಒಬ್ಬಳೇ ಇರುವುದು ಇನ್ನು ಸಾಕು, ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಬಂದಿದ್ದಳು. ಒಳ್ಳೆಯ ಹೆಣ್ಣುಮಗಳು, ತಪ್ಪು ಹೇಳುವ ಹಾಗಿಲ್ಲ. ಪೆಗ್ಗವ್ವ ಒಪ್ಪಿದಳು, ಆದರೆ ಒಂದು ಆಸೆ ಇಟ್ಟಳು. ಹೋಗುವ ಮುಂಚೆ ಒಂದು ಸಲ, ಆ ಹಳೆಯ ಸ್ಕೇಟ್ಸ್ ಹಾಕಿಕೊಂಡು ಐಸ್ ಮೇಲೆ ಹೋಗಬೇಕು. "ಅಲ್ಲಿ ಮರಳು ಬಿಟ್ಟರೆ ಇನ್ನೇನಿರುತ್ತೆ?" ಎನ್ನುವಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಅಮ್ಮಾ, ಬಿದ್ದು ಸೊಂಟ ಮುರಿದರೆ?" ನ್ಯಾನ್ಸಿಯ ಮುಖ ಬಿಳಿಚಿಕೊಂಡಿತು.

"ಯಾರಾದರೂ ಕೈ ಹಿಡಿದುಕೊಂಡರೆ?"

ನ್ಯಾನ್ಸಿ ಅಮ್ಮನ ವಾಕರನ್ನೊಮ್ಮೆ ನೋಡಿ, "ಚೆನ್ನಾಗಿ ಬರುವವರು ಹಿಡಿದುಕೊಂಡರೆ ಸರಿ," ಎಂದಳು.

"ಇದ್ದಾಳಲ್ಲ, ಸುಮಾ! ರಿಂಕಿನಲ್ಲೇ ಇವಳಷ್ಟು ಗಟ್ಟಿ ಯಾರೂ ಇಲ್ಲ!" ಎಂದು ಪೆಗ್ಗವ್ವ ನನ್ನ ಬೆನ್ನು ತಟ್ಟಿದಳು. ನಾನು ಬಾಯಿ ತೆರೆದೆ. ಅದಕ್ಕೆ ಸರಿಯಾಗಿ ಅವಳು ಒಂದು ಬಿಸ್ಕತ್ತು ತುರುಕಿದಳು.

ನ್ಯಾನ್ಸಿ ಅಡುಗೆಮನೆಗೆ ಹೋದ ಮೇಲೆ ನಾನು ಪಿಸುಗುಟ್ಟಿದೆ, "ನಿಮಗೆ ತಲೆ ಕೆಟ್ಟಿದೆಯಾ? ನನಗೇ ನಿಲ್ಲಕ್ಕೆ ಬರಲ್ಲ!"

"ಗೊತ್ತು. ಚೆನ್ನಾಗಿ ಬರುವವರಿಗೆ ಐಸ್ ಮೇಲೆ ಕೈ ಹಿಡಿದು ಅಭ್ಯಾಸವಿರಲ್ಲ, ಮರೆತು ಬಿಟ್ಟುಬಿಡ್ತಾರೆ. ನೀನು ಪ್ರಾಣ ಹೋದರೂ ಬಿಡಲ್ಲ. ನನಗೆ ಅಂಥವಳೇ ಬೇಕು."

ಹೊಗಳಿದಳೋ ತೆಗಳಿದಳೋ ತಿಳಿಯಲಿಲ್ಲ. ಆದರೆ ಆ ಕೈ ನನ್ನ ಕೈ ಮೇಲಿತ್ತು, ತರಗೆಲೆಯಷ್ಟು ಹಗುರ. ಇಲ್ಲ ಎನ್ನಲಾಗಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು. ಅವಳು ಬಿದ್ದರೆ ನನ್ನ ಕೈಯಿಂದಲೇ ಬೀಳುತ್ತಾಳೆ. ಅವತ್ತಿನಿಂದ ದಿನಾ ಬೆಳಿಗ್ಗೆ ರಿಂಕಿಗೆ ಹೋಗಿ ಕಟ್ಟೆಯನ್ನು ಬಿಟ್ಟು ನಿಲ್ಲುವುದನ್ನು ಕಲಿತೆ. ಹುಟ್ಟಿದ ಮೇಲೆ ಯಾವ ಪರೀಕ್ಷೆಗೂ ಅಷ್ಟು ಓದಿರಲಿಲ್ಲ.

ಹಳೆಯ ಸ್ಕೇಟ್ಸಿನ ಬ್ಲೇಡಿಗೆ ತುಕ್ಕು ಹಿಡಿದಿತ್ತು. ನಮ್ಮವರು, "ಕೊಡು ಪೆಗ್ಗವ್ವ, ನಾ ನೋಡ್ಕೋತೇನಿ," ಎಂದು ಗ್ಯಾರೇಜಿಗೆ ಒಯ್ದರು. ತಿಕ್ಕಿದರು, ಎಣ್ಣೆ ಹಾಕಿದರು, ಸಾಣೆ ಹಿಡಿದರು. ವಿಮಾನ ಹಾರಲು ಬಿಡುವ ಮುಂಚೆಯೂ ಅಷ್ಟು ನೋಡುತ್ತಾರೋ ಇಲ್ಲವೋ. ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮವರ ಆಯುಧಪೂಜೆ ಎಂದರೆ ನೀವು ನೋಡಬೇಕು. ಗ್ಯಾರೇಜೇ ಗುಡಿ. ಕಾರು, ಹುಲ್ಲು ಕತ್ತರಿಸುವ ಯಂತ್ರ, ಸ್ಪ್ಯಾನರು, ನನ್ನ ಈಳಿಗೆಮಣೆ, ಇಬ್ಬರ ಲ್ಯಾಪ್‌ಟಾಪು, ಎಲ್ಲಕ್ಕೂ ವಿಭೂತಿ, ಅರಿಶಿನ, ಕುಂಕುಮ, ಚೆಂಡು ಹೂವು. ಅವತ್ತು ನಾನು ಆರತಿ ತಟ್ಟೆ ಹಿಡಿದು ಬಂದು ನೋಡುತ್ತೇನೆ, ಸಾಲಿನ ನಟ್ಟನಡುವೆ ಮಣೆಯ ಮೇಲೆ ಪೆಗ್ಗವ್ವನ ಬಿಳಿ ಸ್ಕೇಟ್ಸು! ಅರಿಶಿನ ಕಲಸಿ ಕೈತುಂಬಾ ಮೆತ್ತಿ, ಮೇಲೆ ಕುಂಕುಮದ ಬೊಟ್ಟು.

"ಅಯ್ಯೋ, ಚಪ್ಪಲಿಗೆ ಯಾರಾದ್ರೂ ಪೂಜೆ ಮಾಡ್ತಾರೇನ್ರೀ!"

"ಚಪ್ಪಲಿ ಎಲ್ಲಿಂದ ಬಂತು? ಬ್ಲೇಡ್ ಐತಿ ನೋಡು ಬುಡಕ್ಕ. ಇದರ ಮ್ಯಾಲೆ ದುಡಕೊಂಡು ಉಂಡಾಳ ಆಕಿ. ಆಯುಧ ಅಲ್ಲ ಅಂದ್ರ ಇನ್ನೇನು?"

ನಾನು ಅವಕ್ಕೂ ಆರತಿ ಎತ್ತಿದೆ. ಅಂಗಡಿಯಲ್ಲಿ ಬೂದುಗುಂಬಳ ಮುಗಿದಿತ್ತೆಂದು ಅಕ್ಟೋಬರಿನ ಭೂತದ ಹಬ್ಬಕ್ಕೆ ಬೀದಿ ತುಂಬ ರಾಶಿ ಹಾಕುವ ಕಿತ್ತಲೆ ಬಣ್ಣದ ಕುಂಬಳವನ್ನೇ ತಂದಿದ್ದರು. ಅದಕ್ಕೆ ಕುಂಕುಮ ತುಂಬಿ ಡ್ರೈವ್‌ವೇನಲ್ಲಿ ಫಟಾರನೆ ಒಡೆದರು. ಅದೇ ಹೊತ್ತಿಗೆ ವಾಕರ್ ತಳ್ಳಿಕೊಂಡು ಪೆಗ್ಗವ್ವ ಬಂದಳು, ಸ್ಕೇಟ್ಸ್ ಒಯ್ಯಲು. ಒಡೆದ ಕುಂಬಳ ನೋಡಿದಳು, ಮಣೆಯ ಮೇಲಿನ ತನ್ನ ಬೂಟುಗಳನ್ನು ನೋಡಿದಳು.

"ಇವಕ್ಕೆ ಏನಾಗಿದೆ?"

"ಪೂಜೆ," ಎಂದೆ. "ನಮಗೆ ಅನ್ನ ಕೊಟ್ಟ ಸಾಮಾನಿಗೆ ವರ್ಷಕ್ಕೊಂದು ದಿನ ಕೈ ಮುಗೀತೀವಿ."

ಅವಳು ಬೂಟಿನ ಕಡೆ ಕೈ ಚಾಚಿದಳು. ಹಬ್ಬದ ದಿನ ನಮ್ಮವರ ಬಾಯಿಗೆ ಇಂಗ್ಲಿಷ್ ಬರುವುದಿಲ್ಲ. "ಹಾಂ ಹಾಂ! ಮುಟ್ಟಬ್ಯಾಡ ಪೆಗ್ಗವ್ವ! ಇವತ್ತ ಅವಕ್ಕ ರಜಾ!" ಎಂದು ಅಡ್ಡ ನಿಂತರು. ನಾನು ಬಿಡಿಸಿ ಹೇಳಿದೆ. ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸಬೇಕು, ಅದು ಬೇರೆ. ಉಳಿದ ಸಾಮಾನಿಗೆ ಪೂಜೆಯಾದ ಮೇಲೆ ಅವತ್ತೆಲ್ಲ ಕೆಲಸವಿಲ್ಲ, ಯಾರೂ ಮುಟ್ಟುವ ಹಾಗಿಲ್ಲ, ನಾಳೆ ಬೆಳಿಗ್ಗೆಯೇ.

ಪೆಗ್ಗವ್ವ ವಾಕರ್ ಮೇಲೆ ಒರಗಿ ನಿಂತಳು. "ಕೆಲಸದ ಸಾಮಾನಿಗೆ ರಜೆ," ಎಂದು ಮೆಲ್ಲಗೆ ಹೇಳಿಕೊಂಡಳು. "ಏಳು ವರ್ಷ ಸ್ಟುಡಿಯೋದಲ್ಲಿದ್ದೆ. ಜ್ವರ ಬಂದಾಗಲೂ ಇವನ್ನು ಹಾಕಿಕೊಂಡು ನಿಂತಿದ್ದೇನೆ. ನನ್ನ ಕಾಲಿಗೆ ಯಾರೂ ರಜೆ ಕೊಟ್ಟಿರಲಿಲ್ಲ." ಆಮೇಲೆ ನಮ್ಮವರ ಕಡೆ ತಿರುಗಿ, "ಸರಿ ಎಂಜಿನಿಯರ್, ಮಲಗಲಿ ಬಿಡು," ಎಂದು ಹೋಳಿಗೆ ತಿಂದು ಹೋದಳು.

ಮಾರನೆಯ ದಿನ ಒರೆಸಲು ಕೂತಾಗ ನಿಜವಾದ ಫಜೀತಿ. ಹೂವು ಉದುರಿತು, ವಿಭೂತಿ ಹೋಯಿತು, ಅರಿಶಿನ ಹೋಗಲಿಲ್ಲ. ಹಳೆಯ ಚರ್ಮ ಅದನ್ನು ಗಟಗಟ ಕುಡಿದಿತ್ತು. ಗಾಬರಿಯಲ್ಲಿ ಸೋಪು ಹಚ್ಚಿ ತಿಕ್ಕಿದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿಯಾಗುತ್ತದೆ, ಸೋಪಿಗೂ ಅದೇ ಗುಣ ಎಂದು ತಿಳಿಯದ ಹೆಂಗಸೇ ನಾನು? ತಿಳಿದಿತ್ತು, ನೆನಪಾಗಲಿಲ್ಲ. ಹಿಮ್ಮಡಿಯೆಲ್ಲ ಕೆಂಪಾಯಿತು. ನಮ್ಮವರು ನೋಡಿ, "ಚಲೋ ಕಾಣಸ್ತೈತಿ ಬಿಡು," ಎಂದರು. ಆ ಕ್ಷಣ ಅವರನ್ನೇ ಎತ್ತಿ ಕುಂಬಳಕಾಯಿಯ ಹಾಗೆ ಒಡೆಯೋಣ ಎನ್ನಿಸಿತು.

ಟವೆಲಿನಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ನ್ಯಾನ್ಸಿ ನೋಡಿ, "ಓ ಗಾಡ್," ಎಂದು ಬಾಯಿ ಮುಚ್ಚಿಕೊಂಡಳು. ಪೆಗ್ಗವ್ವ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಕ್ಷಮೆ ಕೇಳಲು ಹೋದರೆ ಅವಳು ನಗುತ್ತಿದ್ದಳು.

"ದಿನಾ ಬೆಳಿಗ್ಗೆ ಒಬ್ಬ ಬಂದು ಇವಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದ. ಒಂದು ಗೀರು ಕಂಡರೆ ಶೂಟಿಂಗ್ ನಿಲ್ಲೋದು. ಹುಡುಗಿಯರ ಬೂಟುಗಳನ್ನೆಲ್ಲ ಸಾಲಾಗಿ ಇಡೋರು, ನನ್ನದು ಯಾವುದು ಅಂತ ನನಗೇ ತಿಳೀತಿರಲಿಲ್ಲ. ಈಗ ನೋಡು, ಪ್ರಪಂಚದಲ್ಲಿ ಇಂಥ ಜೋಡಿ ಇನ್ನೊಂದಿಲ್ಲ."

ನನಗೆ ಅಳು ಬಂತು. ಸಂತೋಷಕ್ಕೆ.

ಆ ಶನಿವಾರ ರಿಂಕಿನವರು ಜನ ಬರುವ ಮುಂಚೆ ನಮಗೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟರು. ಐಸ್ ಒರೆಸುವ ಗಾಡಿ ಆಗಷ್ಟೇ ಹೋಗಿತ್ತು, ನೆಲ ಕನ್ನಡಿಯಾಗಿತ್ತು. ನನ್ನ ತರಗತಿಯವರೆಲ್ಲ ಕಟ್ಟೆಯ ಸುತ್ತ ನಿಂತಿದ್ದರು. ನಮ್ಮವರು ವಾಕರ್ ಹಿಡಿದು ಗೇಟಿನಲ್ಲಿ, ನ್ಯಾನ್ಸಿ ಫೋನ್ ಹಿಡಿದು ಪಕ್ಕದಲ್ಲಿ. ಪೆಗ್ಗವ್ವ ನೀಲಿ ಸ್ವೆಟರ್ ಹಾಕಿ, ಲಿಪ್‌ಸ್ಟಿಕ್ ತೀಡಿ, ಹಳದಿ ಕೆಂಪು ಬೂಟು ಬಿಗಿದು ಕೂತಿದ್ದಳು. ನಾನು ಐಸ್ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದೆ. ಕೈ ಚಾಚಿದೆ. ಅವಳೂ ಇಳಿದಳು.

"ಬಿಡಬೇಡ ಸುಮಾ, ದಯವಿಟ್ಟು," ಎಂದಳು ನ್ಯಾನ್ಸಿ.

"ಬಿಡಲ್ಲ," ಎಂದೆ. ಮಂಜುನಾಥನ ಮೇಲೆ ಆಣೆ ಮಾಡುವ ದನಿಯಲ್ಲಿ.

ಮೊದಲು ಇಬ್ಬರೂ ನಿಂತೆವು. ಆಮೇಲೆ ಸರಿದೆವು. ನಾಲ್ಕು ಮಾರು ಹೋಗುವಷ್ಟರಲ್ಲಿ ನನ್ನ ಎಡಗಾಲು ತನ್ನ ಹಳೆಯ ದಾರಿ ಹಿಡಿಯಿತು. ಸತ್ತೆ ಎಂದುಕೊಂಡೆ. ತರಗೆಲೆಯ ಕೈ ಇದ್ದಕ್ಕಿದ್ದಂತೆ ಇಕ್ಕಳವಾಯಿತು. "ಮಂಡಿ ಬಗ್ಗಿಸು. ಮುಂದೆ ನೋಡು. ನಗು!" ಎಂದು ಪೆಗ್ಗವ್ವ ಕಿವಿಯಲ್ಲಿ ಗದರಿದಳು. ಮಂಡಿ ಬಗ್ಗಿಸಿದೆ, ನಕ್ಕೆ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎನ್ನುವುದು ನೋಡುತ್ತಿದ್ದ ಎಲ್ಲರಿಗೂ ತಿಳಿಯಿತು. ನೆಲದ ಮೇಲೆ ಹೆಜ್ಜೆಗೊಂದು ಉಸಿರು ಬಿಡುತ್ತಿದ್ದ ಮುದುಕಿ ಐಸ್ ಮೇಲೆ ಅಳುಕದೆ ಹೋಗುತ್ತಿದ್ದಳು. ನಡೆಯುವುದು ಅವಳಿಗೆ ಅವತ್ತೂ ಬರಲಿಲ್ಲ, ಇವತ್ತೂ ಬರಲಿಲ್ಲ, ಅಷ್ಟೇ.

ಒಂದು ಸುತ್ತು ಮುಗಿಯಿತು. ಗೇಟಿಗೆ ಇನ್ನೊಂದಿಷ್ಟು ದೂರವಿರುವಾಗ ಅವಳು, "ಈಗ ಬಿಡು," ಎಂದಳು.

"ಬಿಡಲ್ಲ!"

"ಸುಮಾ, ಇದು ನನ್ನ ಕೊನೇ ಶಾಟು. ಫ್ರೇಮಿನಲ್ಲಿ ನೀನಿರಬಾರದು."

ಹೇಳಿ, ಏನು ಮಾಡಲಿ? ಅತ್ತ ನ್ಯಾನ್ಸಿಗೆ ಕೊಟ್ಟ ಮಾತು. ಇತ್ತ ಈ ಮುಖ. ಕಣ್ಣು ಹೊಳೆಯುತ್ತಿತ್ತು, ಗದ್ದ ಮೇಲೆದ್ದಿತ್ತು. ಗೋಡೆಯ ಫೋಟೋದ ಹುಡುಗಿಯೇ. ನನ್ನ ಜನ್ಮದಲ್ಲಿ ಮೊದಲ ಸಲ, ಐಸ್ ಮೇಲೆ, ನಾನು ಒಂದು ಕೈಯನ್ನು ಬಿಟ್ಟೆ.

ಅವಳು ಹೋದಳು. ಒಂದು ತೋಳು ನಿಧಾನಕ್ಕೆ ಮೇಲೆದ್ದಿತು, ಬೆರಳುಗಳು ಅರಳಿದವು. ಸದ್ದೇ ಇಲ್ಲ, ಬ್ಲೇಡಿನ ಸಣ್ಣ ಸುಯ್ ಮಾತ್ರ. ಹಳದಿ ಕೆಂಪು ಬೂಟುಗಳು ಗೇಟಿನವರೆಗೆ ನೇರ ಹೋಗಿ, ಒಂದು ಚೂರು ತಿರುಗಿ, ನಿಂತವು. ಅವಳು ಕಟ್ಟೆಗೆ ಕೈಯೂರಿ ತಲೆ ಬಾಗಿಸಿ ವಂದಿಸಿದಳು. ಅವಳನ್ನು ಹಿಡಿಯಲು ಓಡಿದ ನಾನು, ಅದೇ ಮುಹೂರ್ತಕ್ಕೆ, ಇಡೀ ರಿಂಕಿಗೆ ಕೇಳುವ ಹಾಗೆ ದೊಪ್ಪನೆ ಬಿದ್ದೆ.

"ಪಕ್ಕಕ್ಕೆ ಬಿದ್ದಳು!" ಎಂದು ಪೆಗ್ಗವ್ವ ಚಪ್ಪಾಳೆ ತಟ್ಟಿದಳು. "ಕೊನೆಗೂ ಸರಿಯಾಗಿ ಬಿದ್ದಳು!" ನ್ಯಾನ್ಸಿ ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳ ಫೋನಿನಲ್ಲಿ ಬಂದದ್ದು ಬರೀ ಚಾವಣಿಯ ವಿಡಿಯೋ. ನಮ್ಮವರು ವಾಕರನ್ನೇ ಎತ್ತಿ ಹಿಡಿದು, "ಹೊಡೀರಿ ಚಪ್ಪಾಳಿ!" ಎಂದು ಗದಗಿನವರೆಗೆ ಕೇಳುವ ಹಾಗೆ ಕೂಗಿದರು. ಬಿದ್ದಲ್ಲಿಂದಲೇ ನಾನೂ ನಕ್ಕೆ. ಬೀಳುವಾಗ ನಗುವುದು ಅಷ್ಟೇನೂ ಕಷ್ಟವಲ್ಲ.

ಹೋಗುವ ದಿನ ಅವಳು ಸ್ಕೇಟ್ಸನ್ನು ನಮ್ಮ ಮಣೆಯ ಮೇಲೆ ಇಟ್ಟಳು. "ಇವು ಇನ್ನು ನಿಮ್ಮ ಮನೆಯವು. ವರ್ಷಕ್ಕೊಂದು ದಿನ ರಜೆ ತಪ್ಪಿಸಬೇಡಿ," ಎಂದಳು. ನನ್ನ ಕಾಲಿಗೆ ಅವು ಹಿಡಿಸುವುದಿಲ್ಲ. ಹಿಡಿಸಿದರೂ ಹಾಕಿಕೊಳ್ಳುತ್ತಿರಲಿಲ್ಲ.

ಇಷ್ಟು ನೆನೆಯುವಷ್ಟರಲ್ಲಿ ಬೇಳೆ ಬೆಂದು, ಹೂರಣ ಆರಿ, ಪೂಜೆಯೂ ಮುಗಿಯಿತು. ಈ ಸಲ ಕುಂಕುಮ ಬ್ಲೇಡಿಗೆ ಮಾತ್ರ ಎಂದು ಮೊದಲೇ ತಾಕೀತು ಮಾಡಿದ್ದೆ. ಮಂಗಳಾರತಿಯಾಗಿ ಕೈ ತೊಳೆಯುವಾಗ ಫೋನು ಬಂತು. ವಿಡಿಯೋ ಕಾಲ್. ಪರದೆಯ ತುಂಬ ಮೊದಲು ಕಂಡದ್ದು ಪೆಗ್ಗವ್ವನಲ್ಲ, ಅವಳ ವಾಕರ್. ನಾಲ್ಕು ಕಾಲಿಗೂ ಒಂದೊಂದು ಕೆಂಪು ಬೊಟ್ಟು. ಹಿಡಿಯ ಮೇಲೆ ಕಾಗದದ ಹೂವು.

"ಕುಂಕುಮ ಎಲ್ಲಿ ಸಿಕ್ತು ನಿಮಗೆ?" ಎಂದು ಕೂಗಿದೆ.

"ಲಿಪ್‌ಸ್ಟಿಕ್!" ಪರದೆಗೆ ಅವಳ ಮುಖ ಬಂತು, ಅದೇ ಕೆಂಪು, ಅದೇ ಹಳೆಯ ಅಸಲಿ ನಗೆ. "ಈಗ ನನಗೆ ಅನ್ನ ಕೊಡೋ ಸಾಮಾನು ಇದೇ ಅಲ್ವಾ? ಕೈ ಮುಗಿದೆ."

ಹಿಂದಿನಿಂದ ನ್ಯಾನ್ಸಿಯ ದನಿ, "ಸುಮಾ, ನೀನಾದರೂ ಹೇಳು! ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಕಾಫಿ, ತಿಂಡಿ, ಟೀವಿಯ ರಿಮೋಟು, ಎಲ್ಲ ನಾನೇ ತಂದುಕೊಡ್ತಿದೀನಿ. ವಾಕರ್‌ಗೆ ಇವತ್ತು ರಜೆಯಂತೆ!"

"ಎಂಜಿನಿಯರನ್ನ ಕೇಳು," ಎಂದಳು ಪೆಗ್ಗವ್ವ. ನಮ್ಮವರು ಹಿಂದೆ ನಿಂತು ಗಂಭೀರವಾಗಿ ತಲೆಯಾಡಿಸಿದರು, "ಬರೋಬರಿ ಐತಿ. ಇವತ್ತ ಮುಟ್ಟಂಗಿಲ್ಲ."

"ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಮುಟ್ಟಬಹುದು? ನನಗೆ ನಾಳೆ ಕೆಲಸ ಇದೆ."

"ಏನು ಕೆಲಸ?" ಎಂದೆ.

ಅವಳು ನ್ಯಾನ್ಸಿ ಅಡುಗೆಮನೆಗೆ ಹೋಗುವವರೆಗೆ ಕಾದು, ಫೋನನ್ನು ಮೂಗಿನ ಹತ್ತಿರ ತಂದು ಪಿಸುಗುಟ್ಟಿದಳು. "ಸುಮಾ, ಈ ಮರಳುಗಾಡಿನಲ್ಲಿ, ನಮ್ಮ ಮನೆಯಿಂದ ಎರಡು ಸಿಗ್ನಲ್ ಆಚೆ, ಒಂದು ರಿಂಕ್ ಇದೆ! ನೀನು ಯಾವಾಗ ಬರ್ತೀಯಾ? ಬರುವಾಗ ನನ್ನ ಬೂಟು ತಗೊಂಡು ಬಾ."

ನಾನು ಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ನಮ್ಮವರು ಮಣೆಯ ಕಡೆ ಓಡಿ, ಖಾಲಿ ಡಬ್ಬವೊಂದನ್ನು ಎಳೆದುಕೊಂಡು, ಸ್ಕೇಟ್ಸಿಗೆ ಕೈ ಹಾಕಿಯೇ ಬಿಟ್ಟರು.

"ಹಾಂ ಹಾಂ," ಎಂದು ನಾನು ಅಡ್ಡ ನಿಂತೆ. "ಮುಟ್ಟಬೇಡಿ ರೀ. ಇವತ್ತು ಅವಕ್ಕೆ ರಜೆ. ನಾಳೆ ಬೆಳಿಗ್ಗೆ ಟಿಕೆಟ್ ಬುಕ್ ಮಾಡಿ."